ಬಾಡಿಗೆದಾರರಿಗೆ ಮತವಿಲ್ಲದ ಊರಿನಲ್ಲಿ ರಾಜಕೀಯ ಸುಧಾರಣೆ

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಕೊಳವೆ ಬಾವಿಗಳು ಒಂದರ ಹಿಂದೊಂದು ಬತ್ತುತ್ತಿದ್ದ ದಿನಗಳು. ಎಲೆಕ್ಟ್ರಾನಿಕ್ ಸಿಟಿಯ ಪಕ್ಕದಲ್ಲಿರುವ ನಮ್ಮ ವಸತಿ ಸಮುಚ್ಚಯದ ಮಾಲೀಕರ ಸಂಘವು ತುರ್ತು ಸಭೆ ಸೇರಿತ್ತು. ಅಧ್ಯಕ್ಷತೆ ನನ್ನದು. ನಿವೃತ್ತ ಅಧಿಕಾರಿಗಳನ್ನು ಇಂತಹ ಕುರ್ಚಿಗಳಲ್ಲಿ ಕೂರಿಸುವುದು ನಮ್ಮ ನಗರದ ರೂಢಿ. ಟ್ಯಾಂಕರ್ ನೀರಿನ ಖರ್ಚನ್ನು ಮನೆಗಿಷ್ಟು ಎಂದು ಸಮನಾಗಿ ಹಂಚಬೇಕೋ, ಬಳಕೆಯ ಪ್ರಮಾಣಕ್ಕೆ ತಕ್ಕಂತೆ ಹಂಚಬೇಕೋ ಎಂಬುದು ಚರ್ಚೆಯ ವಿಷಯವಾಗಿತ್ತು. ಹಿಂದಿನ ಸಾಲಿನಲ್ಲಿ ನಿಂತಿದ್ದ ಯುವಕನೊಬ್ಬ ಮಾತನಾಡಲು ಕೈಯೆತ್ತಿದ. ಆತ ಬಾಡಿಗೆದಾರ. ಉಪವಿಧಿಯ ಪ್ರಕಾರ ಬಾಡಿಗೆದಾರರು ಸದಸ್ಯರಲ್ಲ, ಅವರಿಗೆ ಮತವೂ ಇಲ್ಲ ಎಂದು ನಾನೇ ತಿಳಿಸಿ ಕೂರಿಸಿದೆ. ಕಾನೂನಿನ ದೃಷ್ಟಿಯಿಂದ ನನ್ನ ತೀರ್ಪಿನಲ್ಲಿ ದೋಷವಿರಲಿಲ್ಲ.

ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ಆತ ಸಿಕ್ಕ. ಸಿಟ್ಟಿರಲಿಲ್ಲ, ನಗುತ್ತಲೇ ಹೇಳಿದ: ‘ಸರ್, ನೀರು ಕುಡಿಯೂದು ಇಲ್ಲೆ, ಓಟು ಹಾಕೂದು ಗದಗದಾಗ. ಎರಡೂ ಕಡೆ ನಾ ಅರ್ಧಾ ಮನಿಷಾ ಆಗೇನಿ ನೋಡ್ರಿ.’

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ಆ ಯುವಕ ಪ್ರತಿದಿನ ಕೆಲಸಕ್ಕೆ ಹೋಗುವ ಎಲೆಕ್ಟ್ರಾನಿಕ್ ಸಿಟಿಯಲ್ಲೂ ಆತನಿಗೆ ಮತವಿಲ್ಲ. ಅಲ್ಲಿ ಯಾರಿಗೂ ಇಲ್ಲ. ಸ್ಥಳೀಯ ಆಡಳಿತಕ್ಕೆ ಅಲ್ಲಿ ಚುನಾವಣೆಯೇ ನಡೆಯುವುದಿಲ್ಲ.

ಎಲೆಕ್ಟ್ರಾನಿಕ್ ಸಿಟಿ ಸರ್ಕಾರಿ ಕಲ್ಪನೆಯ ಕೂಸು ಎಂಬುದನ್ನು ಇಂದಿನ ಪೀಳಿಗೆ ಮರೆತಿದೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಮುಂದೆ 1997ರಲ್ಲಿ ಬಡಾವಣೆಯ ನಿರ್ವಹಣೆಯು ಕೈಗಾರಿಕೆಗಳ ಸಂಘಕ್ಕೆ ಬಂತು. 2013ರಲ್ಲಿ ಸರ್ಕಾರವು ಇಲ್ಲಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವನ್ನು ರಚಿಸಿ, ತೆರಿಗೆ ಸಂಗ್ರಹದಂತಹ ಪುರಸಭೆಯ ಅಧಿಕಾರಗಳನ್ನು ಕೊಟ್ಟಿತು. ಸಂವಿಧಾನದ 74ನೇ ತಿದ್ದುಪಡಿಯು ನಗರಗಳಿಗೆ ಚುನಾಯಿತ ಸ್ಥಳೀಯ ಸಂಸ್ಥೆಗಳು ಇರಲೇಬೇಕೆಂದು ವಿಧಿಸಿದೆಯಷ್ಟೆ. ಅದೇ ತಿದ್ದುಪಡಿಯ 243-ಕ್ಯೂ ವಿಧಿಯಲ್ಲಿ ಒಂದು ಪರಂತುಕವಿದೆ: ಕೈಗಾರಿಕಾ ಸಂಸ್ಥೆಯೇ ಪೌರ ಸೇವೆಗಳನ್ನು ಒದಗಿಸುತ್ತಿರುವ ಅಥವಾ ಒದಗಿಸಲು ಮುಂದೆ ಬಂದಿರುವ ಪ್ರದೇಶವನ್ನು ರಾಜ್ಯಪಾಲರು ಕೈಗಾರಿಕಾ ಟೌನ್‌ಶಿಪ್ ಎಂದು ಘೋಷಿಸಬಹುದು, ಅಲ್ಲಿ ಪುರಸಭೆ ಬೇಕಿಲ್ಲ. ಉಕ್ಕಿನ ನಗರಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದಂತೆ ಕಾಣುವ ಈ ಸಣ್ಣ ಪರಂತುಕವು ಸಾಫ್ಟ್‌ವೇರ್ ನಗರಕ್ಕೂ ಹೊಂದಿಕೊಂಡಿತು.

ಫಲಿತಾಂಶ ಕಣ್ಣಿಗೆ ಕಾಣುತ್ತದೆ. ಟೌನ್‌ಶಿಪ್ಪಿನ ಗಡಿಯೊಳಗೆ ಪಾದಚಾರಿ ಮಾರ್ಗ ಸಮತಟ್ಟಾಗಿದೆ, ಮರಗಳಿಗೆ ಕಟ್ಟೆಯಿದೆ, ಬೀದಿದೀಪ ಉರಿಯುತ್ತದೆ. ಗಡಿ ದಾಟಿ ದೊಡ್ಡತೋಗೂರಿನ ಕಡೆಗೆ ನೂರು ಹೆಜ್ಜೆ ಇಟ್ಟರೆ ಟ್ಯಾಂಕರ್‌ಗಳ ಸಾಲು, ತೆರೆದ ಚರಂಡಿ, ಶೀಟಿನ ಛಾವಣಿಯ ಬಾಡಿಗೆ ಕೋಣೆಗಳು. ಒಳಗಿನ ರಸ್ತೆಗಳನ್ನು ಗುಡಿಸುವವರು, ಕಾವಲು ಕಾಯುವವರು, ಕ್ಯಾಂಟೀನಿನಲ್ಲಿ ಅಡುಗೆ ಮಾಡುವವರು ಹೆಚ್ಚಾಗಿ ಈ ಕೋಣೆಗಳಿಂದಲೇ ಬರುತ್ತಾರೆ. ಒಳಗಿನ ವ್ಯವಸ್ಥೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದವನಿಗೆ ಒಂದು ಚರಂಡಿ ಸರಿಯಾಗಿ ಹರಿಯುವಂತೆ ಮಾಡುವುದು ಎಷ್ಟು ಕಷ್ಟವೆಂಬುದು ಗೊತ್ತು. ಆದರೆ ಬೆಂಗಳೂರಿನ ವಿದ್ಯಾವಂತ ವರ್ಗವು ಕಳೆದ 25 ವರ್ಷಗಳಲ್ಲಿ ರಾಜಕೀಯ ಸುಧಾರಣೆ ಎಂದು ಕನಸು ಕಂಡದ್ದೆಲ್ಲವೂ ಈ ಟೌನ್‌ಶಿಪ್ಪಿನ ಮಾದರಿಯನ್ನೇ ಹೋಲುತ್ತದೆ. ಆ ಕನಸನ್ನು ಹೊತ್ತು ಚುನಾವಣೆಗೆ ನಿಂತವರು ಇಲ್ಲಿ ಒಂದೇ ಸಮನೆ ಸೋತಿದ್ದಾರೆ. ಇವೆರಡಕ್ಕೂ ಸಂಬಂಧವಿದೆ ಎಂಬುದು ನನ್ನ ಗುಮಾನಿ.

1999ರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರವು ನಂದನ್ ನಿಲೇಕಣಿ ಅವರ ನೇತೃತ್ವದಲ್ಲಿ ಬೆಂಗಳೂರು ಅಜೆಂಡಾ ಕಾರ್ಯಪಡೆಯನ್ನು ರಚಿಸಿತು. ಆಸ್ತಿ ತೆರಿಗೆಯ ಸ್ವಯಂ ಘೋಷಣೆ, ಪಾಲಿಕೆಯ ಲೆಕ್ಕಪತ್ರ ಸುಧಾರಣೆ ಮುಂತಾದ ಗಟ್ಟಿ ಕೆಲಸಗಳು ಆ ಕಾಲದವು. ಆದರೆ ಅದು ಯಾರಿಂದಲೂ ಆಯ್ಕೆಯಾದ ಮಂಡಳಿಯಾಗಿರಲಿಲ್ಲ. 2004ರಲ್ಲಿ ಸರ್ಕಾರ ಬದಲಾಯಿತು, ಕಾರ್ಯಪಡೆಯೂ ಮುಗಿಯಿತು. ಅದನ್ನು ಉಳಿಸಿ ಎಂದು ಬೀದಿಗಿಳಿದ ಬಡಾವಣೆಯೊಂದೂ ನನ್ನ ನೆನಪಿನಲ್ಲಿಲ್ಲ. 2009ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ನಿಂತು ಸೋತರು. ಐ.ಎ.ಎಸ್. ತೊರೆದು ಬಂದ ಜಯಪ್ರಕಾಶ್ ನಾರಾಯಣ್ ಅವರು ಆಂಧ್ರದಲ್ಲಿ ಕಟ್ಟಿದ ಲೋಕಸತ್ತಾ ಪಕ್ಷ 2009ರಲ್ಲಿ ಗೆದ್ದದ್ದು ಒಂದೇ ವಿಧಾನಸಭಾ ಕ್ಷೇತ್ರ. ಅದು ಹೈದರಾಬಾದಿನ ಐ.ಟಿ. ಪ್ರದೇಶಕ್ಕೆ ಹೊಂದಿಕೊಂಡ ಕೂಕಟ್‌ಪಲ್ಲಿ. ಅದೇ ಪಕ್ಷದಿಂದ 2013ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ನೆರೆಯ ಬೊಮ್ಮನಹಳ್ಳಿಯಲ್ಲಿ ಅಶ್ವಿನ್ ಮಹೇಶ್ ಸ್ಪರ್ಧಿಸಿದರು, ಗೆಲ್ಲಲಿಲ್ಲ. 2014ರಲ್ಲಿ ಇನ್ಫೊಸಿಸ್‌ನ ಇಬ್ಬರು ಹಿರಿಯರು ಕಣದಲ್ಲಿದ್ದರು. ಕಾಂಗ್ರೆಸ್ಸಿನಿಂದ ನಿಂತ ನಿಲೇಕಣಿ ಅವರು ಅನಂತಕುಮಾರ್ ಎದುರು ಸುಮಾರು 2.28 ಲಕ್ಷ ಮತಗಳಿಂದ ಸೋತರು. ಬೆಂಗಳೂರು ಕೇಂದ್ರದಲ್ಲಿ ಆಮ್ ಆದ್ಮಿ ಪಕ್ಷದ ವಿ. ಬಾಲಕೃಷ್ಣನ್ ಬಹಳ ಹಿಂದುಳಿದರು. ಪಾಲಿಕೆ ಚುನಾವಣೆಗಾಗಿಯೇ 2019ರಲ್ಲಿ ಬೆಂಗಳೂರು ನವನಿರ್ಮಾಣ ಪಕ್ಷ ಹುಟ್ಟಿತು. ಅದರ ಪಾಡು ಇನ್ನೂ ವಿಚಿತ್ರ: ಪಕ್ಷ ಹುಟ್ಟಿ ಐದು ವರ್ಷ ಕಳೆದರೂ ಪಾಲಿಕೆ ಚುನಾವಣೆಯೇ ಬರಲಿಲ್ಲ!

ಇವರೆಲ್ಲ ಅಪ್ರಾಮಾಣಿಕರೇ? ಅಲ್ಲ. ಹಣ, ಜಾತಿ, ಸಂಘಟನೆಯ ಕೊರತೆ ಎಂಬ ಮಾಮೂಲು ಕಾರಣಗಳಿವೆ, ಅವು ಸುಳ್ಳೂ ಅಲ್ಲ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಹೆಚ್ಚು ಸಮಂಜಸವೆನಿಸುವುದು ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ಮಂಡಿಸಿದ ವಿವರಣೆ. ಒಂದು ಸಂಸ್ಥೆ ಕೆಟ್ಟಾಗ ಜನರ ಮುಂದೆ ಎರಡು ದಾರಿಗಳಿರುತ್ತವೆ: ಅದನ್ನು ಬಿಟ್ಟು ಹೊರನಡೆಯುವುದು, ಇಲ್ಲವೇ ಒಳಗಿದ್ದು ದನಿಯೆತ್ತುವುದು. ಸುಲಭವಾಗಿ ಹೊರನಡೆಯಬಲ್ಲವರಿಗೆ ದನಿಯೆತ್ತುವ ಅಗತ್ಯವೇ ಕಡಿಮೆ. ನಾವು ನೀರಿನಿಂದ ಹೊರನಡೆದು ಟ್ಯಾಂಕರ್ ತರಿಸಿದೆವು, ವಿದ್ಯುತ್ತಿನಿಂದ ಹೊರನಡೆದು ಜನರೇಟರ್ ಇಟ್ಟೆವು, ಸರ್ಕಾರಿ ಶಾಲೆಯಿಂದ ಎಂದೋ ಹೊರಬಂದೆವು. ಹೀಗೆ ಹೊರಬಂದವರು ಕಟ್ಟಿದ ಪಕ್ಷವು ಒಳಗೇ ಉಳಿದವರ ಮನೆಬಾಗಿಲಿಗೆ ಹೋದಾಗ ಅದರ ಬಳಿ ಹೇಳಲು ಮಾತಿರುವುದಿಲ್ಲ. ಇತ್ತ ನಮ್ಮವರೂ ಕೈಹಿಡಿಯುವುದಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತಗಟ್ಟೆಗೆ ಬಂದವರು ಶೇ 53ರಷ್ಟು ಮಾತ್ರ.

ಇದು ನಮ್ಮಲ್ಲಿ ಮಾತ್ರ ಕಂಡ ಕನಸಲ್ಲ. ಅಮೆರಿಕದ ಒಹಾಯೊ ರಾಜ್ಯದ ಡೇಟನ್ ನಗರದಲ್ಲಿ, ನಗದು ಲೆಕ್ಕದ ಯಂತ್ರ ತಯಾರಿಸುತ್ತಿದ್ದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪೆನಿಯ ಒಡೆಯ ಜಾನ್ ಪ್ಯಾಟರ್ಸನ್, ನಗರವನ್ನು ವ್ಯಾಪಾರ ಸಂಸ್ಥೆಯಂತೆ ನಡೆಸಬೇಕೆಂದು 1890ರ ದಶಕದಿಂದಲೇ ವಾದಿಸುತ್ತಿದ್ದ. 1913ರ ಮಾರ್ಚ್‌ನಲ್ಲಿ ಊರು ಪ್ರವಾಹದಲ್ಲಿ ಮುಳುಗಿತು. ಪ್ಯಾಟರ್ಸನ್ ತನ್ನ ಕಾರ್ಖಾನೆಯಲ್ಲಿ ದೋಣಿಗಳನ್ನು ಮಾಡಿಸಿ ಜನರನ್ನು ಕಾಪಾಡಿದ, ಊರಿಗೆ ದೇವರಾದ. (ಸ್ಪರ್ಧಿಗಳನ್ನು ಹತ್ತಿಕ್ಕಿದ ಆರೋಪದಲ್ಲಿ ಅದೇ ವರ್ಷದ ಫೆಬ್ರುವರಿಯಲ್ಲಿ ನ್ಯಾಯಾಲಯ ಆತನಿಗೆ ಶಿಕ್ಷೆ ವಿಧಿಸಿತ್ತು ಎಂಬುದನ್ನೂ ಹೇಳಬೇಕು, ಮೇಲ್ಮನವಿಯಲ್ಲಿ ಅದು ರದ್ದಾಯಿತು.) 1914ರ ಜನವರಿಯಿಂದ ಡೇಟನ್‌ನಲ್ಲಿ ವೃತ್ತಿಪರ ನಗರ ವ್ಯವಸ್ಥಾಪಕನ ಆಡಳಿತ ಬಂತು, ಅನೇಕ ನಗರಗಳು ಅದನ್ನು ಅನುಸರಿಸಿದವು. ಲಂಚಕೋರ ವಾರ್ಡ್ ಮುಖಂಡರ ಹಿಡಿತ ಸಡಿಲಿತು, ಲೆಕ್ಕಪತ್ರ ಚೊಕ್ಕಟವಾಯಿತು. ಆದರೆ ವಾರ್ಡುಗಳ ಬದಲು ಇಡೀ ನಗರದಿಂದ ಐವರನ್ನು ಆರಿಸುವ ಪದ್ಧತಿಯಲ್ಲಿ, ತಮ್ಮ ಕೇರಿಯಲ್ಲಷ್ಟೇ ಬಲವಿದ್ದ ಕಾರ್ಮಿಕರ ಮತ್ತು ವಲಸಿಗರ ಪ್ರತಿನಿಧಿಗಳು ಗೆಲ್ಲುವುದು ಕಷ್ಟವಾಯಿತು. ಆದರೂ ಆ ಉದ್ಯಮಿ ಮತಪೆಟ್ಟಿಗೆಯನ್ನು ಉಳಿಸಿಕೊಂಡಿದ್ದ. ವ್ಯವಸ್ಥಾಪಕನನ್ನು ನೇಮಿಸುವವರು ಚುನಾಯಿತರೇ ಆಗಿದ್ದರು. ನಾವು ಆತನಿಗಿಂತ ಒಂದು ಹೆಜ್ಜೆ ಮುಂದೆ ಹೋದೆವು.

ಉಳಿದುಕೊಂಡ ಸುಧಾರಣಾ ಚಳವಳಿಗಳಲ್ಲಿ ಬಹುಪಾಲು ಬೇಡಿದ್ದು ದಕ್ಷತೆಯನ್ನಲ್ಲ, ಪಾಲನ್ನು. ಬ್ರಿಟನ್ನಿನ ಚಾರ್ಟಿಸ್ಟರು 1838ರಲ್ಲಿ ಮುಂದಿಟ್ಟ ಆರು ಬೇಡಿಕೆಗಳಲ್ಲಿ ವಯಸ್ಕ ಪುರುಷರೆಲ್ಲರಿಗೂ ಮತ, ಗುಪ್ತ ಮತದಾನ, ಸಂಸತ್ ಸದಸ್ಯರಾಗಲು ಆಸ್ತಿಯ ಅರ್ಹತೆ ಬೇಡ ಎಂಬುವಿದ್ದವು. ಆಗ ಅವರನ್ನು ತುಳಿದರು. ಕಾಲಕ್ರಮದಲ್ಲಿ ಆರರಲ್ಲಿ ಐದು ಕಾನೂನಾದವು. ದೆಹಲಿಯ ಆಮ್ ಆದ್ಮಿ ಪಕ್ಷದ ಮುಂದಿನ ಏಳುಬೀಳುಗಳು ಏನೇ ಇರಲಿ, 2015ರಲ್ಲಿ ಅದು 70ರಲ್ಲಿ 67 ಸ್ಥಾನ ಗೆದ್ದದ್ದು ಜುಗ್ಗಿಗಳ ನೀರು, ವಿದ್ಯುತ್ ಬಿಲ್ಲಿನ ಮಾತಿನಿಂದ. ಅದೇ ಪಕ್ಷ ಬೆಂಗಳೂರಿನಲ್ಲಿ ನಮ್ಮಂತಹವರ ದಿವಾನಖಾನೆಯಿಂದ ಆಚೆ ಹೆಚ್ಚು ಹೋಗಲಿಲ್ಲ.

ಕನ್ನಡ ನಾಡಿಗೆ ಈ ಜಗಳ ಹಳೆಯದು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ ಬಂದ 144 ಮಂದಿ ಬಹುತೇಕ ಭೂಮಾಲೀಕರು ಮತ್ತು ವರ್ತಕರು. ನಮ್ಮ ಸಮುಚ್ಚಯದ ಉಪವಿಧಿಯೂ ಅದೇ ತರ್ಕದ್ದು. ಮುಂದೆ 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿ, ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಮತ್ತು ಸಭೆಗಳಲ್ಲಿ ಪಾಲು ಕೇಳಿತು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಅರ್ಹತೆಯ ಮಾನದಂಡ ಸಡಿಲಿದರೆ ಆಡಳಿತದ ದಕ್ಷತೆ ಕುಗ್ಗುತ್ತದೆಂದು ಚಿಂತಿಸಿದ ದಿವಾನ್ ವಿಶ್ವೇಶ್ವರಯ್ಯನವರು ಆ ವರ್ಷವೇ ಹುದ್ದೆ ತೊರೆದರು. ಅವರ ಬಗ್ಗೆ ನನ್ನ ಗೌರವ ಅಚಲ. ಸೇವೆಗೆ ಸೇರಿದಾಗ ಅವರೇ ನನ್ನ ಆದರ್ಶ. ಆದರೆ ಅವರು ಹುದ್ದೆ ಬಿಟ್ಟ ಮೇಲೂ ಮೈಸೂರಿನ ಆಡಳಿತ ಕುಸಿಯಲಿಲ್ಲ. ಅದರೊಳಗೆ ಬಂದವರ ಸಂಖ್ಯೆ ಹೆಚ್ಚಿತು.

ನನ್ನ ಆದರ್ಶಕ್ಕೆ ಮೊದಲ ಪೆಟ್ಟು ಬಿದ್ದದ್ದು 1987ರಲ್ಲಿ. ಅಬ್ದುಲ್ ನಜೀರ್ ಸಾಬ್ ಅವರ ಪಂಚಾಯಿತಿ ಕಾಯ್ದೆಯಂತೆ ಆ ವರ್ಷದ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಿತ್ತು. ಶೇ 25ರಷ್ಟು ಸ್ಥಾನ ಮಹಿಳೆಯರಿಗೆ. ಇನ್ನು ಅನಕ್ಷರಸ್ಥರ ಕೈಗೆ ಆಡಳಿತ ಹೋಯಿತು ಎಂದು ಕ್ಲಬ್ಬಿನಲ್ಲಿ ಗೊಣಗುತ್ತಿದ್ದ ಕಿರಿಯ ಅಧಿಕಾರಿಗಳಲ್ಲಿ ನಾನೂ ಒಬ್ಬ. ಉತ್ತರ ಕರ್ನಾಟಕದ ಒಂದು ಮಂಡಲದಲ್ಲಿ, ಭೂವಿಜ್ಞಾನಿಯ ವರದಿಯನ್ನು ಆಧರಿಸಿ ಕೊಳವೆ ಬಾವಿಯ ಜಾಗವನ್ನು ನಾನು ಮಂಜೂರು ಮಾಡಿದ್ದೆ. ಸಭೆಯಲ್ಲಿ ಹೆಬ್ಬೆಟ್ಟಿನ ಸದಸ್ಯೆಯೊಬ್ಬರು ಎದ್ದು, ಆ ಓಣಿಯ ಬಾವಿಗೆ ತಮ್ಮ ಕೇರಿಯವರು ಕೈ ಹಚ್ಚುವಂತಿಲ್ಲ ಎಂದರು. ವರದಿಯಲ್ಲಿ ಬಂಡೆಯ ಆಳವಿತ್ತು, ನೀರಿನ ಇಳುವರಿಯ ಅಂದಾಜಿತ್ತು. ಈ ಸಂಗತಿ ಇರಲಿಲ್ಲ. ವಾದ ನಡೆಯಿತು, ಗಲಾಟೆಯಾಯಿತು, ಎರಡು ಸಭೆಗಳು ಹಾಳಾದವು. ಕೊನೆಗೆ ಬಾವಿ ಎರಡು ಕೇರಿಗಳ ನಡುವಿನ ಬಯಲಿಗೆ ಹೋಯಿತು. ಇಳುವರಿ ಸ್ವಲ್ಪ ಕಡಿಮೆ ಬಂತು. ನೀರು ಎಲ್ಲರಿಗೂ ಸಿಕ್ಕಿತು. ದಕ್ಷತೆ ಎಂದು ನಾನು ಕರೆಯುತ್ತಿದ್ದುದರಲ್ಲಿ ಯಾರ ಲೆಕ್ಕ ಬಿಟ್ಟುಹೋಗಿತ್ತೆಂದು ಕೇಳಲು ಆಕೆಗೆ ಒಂದು ಕುರ್ಚಿ ಬೇಕಾಯಿತು. ಆ ಕುರ್ಚಿಯನ್ನು ಕೊಟ್ಟದ್ದು ಆ ಕಾಯ್ದೆ.

ಅದೇ ರಾಜ್ಯದ ರಾಜಧಾನಿಯಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಗಳ ಆಳ್ವಿಕೆಯೇ ನಡೆಯಿತು. ವಾರ್ಡ್ ವಿಂಗಡಣೆ, ಮೀಸಲಾತಿ, ನ್ಯಾಯಾಲಯ, ಕೊನೆಗೆ ಗ್ರೇಟರ್ ಬೆಂಗಳೂರು ಕಾಯ್ದೆ ಎಂದು ಒಂದೊಂದು ಕಾರಣ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾದಾಗಲೂ ಐದರಲ್ಲಿ ಒಂದಕ್ಕೂ ಚುನಾಯಿತ ಸಭೆ ಇರಲಿಲ್ಲ. ಗುಂಡಿ ಬಿದ್ದ ರಸ್ತೆಗೆ ನಾವು ಸಿಟ್ಟಾದೆವು, ಪ್ರತಿನಿಧಿಯಿಲ್ಲದ ವಾರ್ಡಿಗೆ ಆಗಲಿಲ್ಲ. ಕಾರ್ಪೊರೇಟರ್‌ಗಳ ಕಾಟ ತಪ್ಪಿತು ಎಂದು ನನ್ನೆದುರೇ ನಿಟ್ಟುಸಿರು ಬಿಟ್ಟ ಗೆಳೆಯರಿದ್ದಾರೆ. ಇದನ್ನು ಪ್ರಶ್ನಿಸಬೇಕಾದ ನಾವು ಹೀಗಿರುವಾಗ ಆಳುವ ಪಕ್ಷಗಳು, ಅವು ಯಾವುವೇ ಇರಲಿ, ಚುನಾವಣೆಗೆ ಏಕೆ ಅವಸರಪಡಬೇಕು?

ಹೊಸ ಪಕ್ಷ ಕಟ್ಟುವ ಉತ್ಸಾಹಿ ತರುಣರು ಆಗಾಗ ಸಲಹೆ ಕೇಳಲು ನನ್ನಲ್ಲಿಗೆ ಬರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು: ಭ್ರಷ್ಟಾಚಾರ ವಿರೋಧಿ ಪ್ರಣಾಳಿಕೆ ಬರೆಯುವ ಮೊದಲು ದೊಡ್ಡತೋಗೂರಿನ ಶೀಟಿನ ಕೋಣೆಗಳಿಗೆ ಹೋಗಿ, ಎಷ್ಟು ಮಂದಿಯ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿದೆ ಎಂದು ಎಣಿಸಿ. ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ ಹೆಸರು ಸೇರಿಸಲು ಕಾನೂನು ಅವಕಾಶ ಕೊಡುತ್ತದೆ, ಸ್ವಂತ ಮನೆ ಬೇಕಿಲ್ಲ. ಟೌನ್‌ಶಿಪ್ಪಿನ ಮಂಡಳಿಯಲ್ಲಿ ಅಲ್ಲಿ ದುಡಿಯುವವರಿಗೂ ಅಕ್ಕಪಕ್ಕದ ಹಳ್ಳಿಗಳವರಿಗೂ ಕೆಲವು ಚುನಾಯಿತ ಸ್ಥಾನಗಳಿರಲಿ ಎಂದು ಕೇಳಿ. ರಾಜ್ಯ ವಿಧಾನಮಂಡಲ ಮನಸ್ಸು ಮಾಡಿದರೆ ಅದು ಅಸಾಧ್ಯವಲ್ಲ. ತರುಣರು ತಲೆಯಾಡಿಸುತ್ತಾರೆ. ಆಮೇಲೆ ಮೊಬೈಲ್ ಆ್ಯಪ್ ತೋರಿಸುತ್ತಾರೆ.

ಪರರಿಗೆ ಉಪದೇಶಿಸುವವನು ತನ್ನ ಮನೆಯಲ್ಲಿ ಏನು ಮಾಡಿದ ಎಂದು ಕೇಳುವ ಹಕ್ಕು ಓದುಗರಿಗಿದೆ. ಮುಂದಿನ ಸಭೆಯಲ್ಲಿ ನಾನೇ ಒಂದು ನಿರ್ಣಯ ಮಂಡಿಸಿದೆ: ಬಾಡಿಗೆದಾರರಿಗೆ ಸಭೆಯಲ್ಲಿ ಮಾತನಾಡುವ ಅವಕಾಶ, ನೀರಿನ ಸಮಿತಿಯಲ್ಲಿ ಎರಡು ಸ್ಥಾನ, ಮತ್ತು ದೈನಂದಿನ ನಿರ್ವಹಣೆಯ ವಿಷಯಗಳಲ್ಲಿ ಮತ. ಆಸ್ತಿಯ ಬೆಲೆ ಬೀಳುತ್ತದೆ ಎಂದರು ಒಬ್ಬರು. ಇಂದು ಇದ್ದು ನಾಳೆ ಹೋಗುವವರು ಎಂದರು ಇನ್ನೊಬ್ಬರು. ಎರಡು ಗಂಟೆಗಳ ಚರ್ಚೆಯ ನಂತರ ಮೊದಲ ಎರಡು ಅಂಶಗಳು ಅಲ್ಪ ಬಹುಮತದಿಂದ ಅಂಗೀಕಾರವಾದವು. ಗದಗದ ಯುವಕ ಈಗ ನೀರಿನ ಸಮಿತಿಯಲ್ಲಿದ್ದಾನೆ. ಟ್ಯಾಂಕರ್ ಬಂದ ವೇಳೆ, ತುಂಬಿದ ಪ್ರಮಾಣ ಎರಡನ್ನೂ ಬರೆದಿಡುವ ಪುಸ್ತಕವೊಂದನ್ನು ಕಾವಲುಗಾರರ ಕೋಣೆಯಲ್ಲಿ ಇರಿಸಿದ್ದಾನೆ. ಮತದಾನದ ಹಕ್ಕಿನ ಅಂಶವನ್ನು ಮುಂದಿನ ವಾರ್ಷಿಕ ಮಹಾಸಭೆಗೆ ಮುಂದೂಡಲಾಗಿದೆ.