ಭೂಪಟದಲ್ಲಿ ಕಾಣದ ಹತ್ತಿರದ ದಾರಿ

ಗೋಡೆಗೆ ತೂಗುಹಾಕಿದ ಭೂಪಟ ನೋಡಿದರೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ದಾರಿ ಯುರೋಪ್ ಮೇಲೆಯೋ ಜಪಾನ್ ಮೇಲೆಯೋ ಹಾದುಹೋಗಬೇಕು ಅನಿಸುತ್ತದೆ. ಮಕ್ಕಳ ಗ್ಲೋಬ್ ತಂದು ಎರಡೂ ಊರುಗಳ ನಡುವೆ ಒಂದು ದಾರ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಮೇಲಕ್ಕೆ ಜಾರಿ ಸೈಬೀರಿಯಾ, ಅಲಾಸ್ಕಾಗಳ ಮೇಲೆ ಕೂರುತ್ತದೆ. ಅತಿ ಹತ್ತಿರದ ದಾರಿ ಅದೇ, ಸುಮಾರು 14,000 ಕಿ.ಮೀ.

ಈ ಎರಡು ನಗರಗಳ ನಡುವೆ ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ಉತ್ತರ ಧ್ರುವದ ಮೇಲಿಂದ ಸುಮಾರು 17 ಗಂಟೆ ಹಾರಿ ಸೋಮವಾರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ಪ್ರಯಾಣಿಕರ ಭಾನುವಾರವೆಲ್ಲ ಆಕಾಶದಲ್ಲೇ ಕಳೆದುಹೋಯಿತು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಹಾಗಾಗಿ ಇಲ್ಲಿಂದ ಮಧ್ಯಾಹ್ನ ಹೊರಟವರು ಹದಿನಾರು ಗಂಟೆ ಹಾರಿದರೂ ಅದೇ ದಿನ ಸಂಜೆ ಅಲ್ಲಿ ಇಳಿಯುತ್ತಾರೆ.

ಹೋಗುವುದಕ್ಕಿಂತ ಬರುವುದಕ್ಕೆ ಹೆಚ್ಚು ಹೊತ್ತು ಬೇಕು. ಅದಕ್ಕೆ ಕಾರಣ ಗಾಳಿ. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ. ಅದರ ವೇಗ ಒಮ್ಮೊಮ್ಮೆ ಗಂಟೆಗೆ 200 ಕಿ.ಮೀ. ಮೀರುತ್ತದೆ. ಪೂರ್ವಕ್ಕೆ ಹೊರಟ ವಿಮಾನವನ್ನು ಅದು ಬೆನ್ನ ಹಿಂದಿನಿಂದ ತಳ್ಳುತ್ತದೆ, ಪಶ್ಚಿಮಕ್ಕೆ ಹೊರಟಿದ್ದನ್ನು ತಡೆಯುತ್ತದೆ. ಕೆಲವು ದಿನ ಧ್ರುವದ ಕಡೆಗೆ ಸರಿದು ಹಾರಿದರೆ ದೂರ ತುಸು ಹೆಚ್ಚಾದರೂ ಎದುರುಗಾಳಿ ತಪ್ಪುತ್ತದೆ, ಇಂಧನವೂ ಉಳಿಯುತ್ತದೆ.

ಆ ದಾರಿಗೆ ಅದರದೇ ಕಷ್ಟಗಳಿವೆ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನಕ್ಕೆ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುವ ಭಯ; ಹೊರಗಿನ ಚಳಿ ಅದಕ್ಕೂ ಕೆಳಗಿಳಿಯುತ್ತದೆ. ಪೈಲಟ್‌ಗಳು ಟ್ಯಾಂಕಿನ ಉಷ್ಣಾಂಶದ ಮೇಲೆ ಕಣ್ಣಿಟ್ಟಿರುತ್ತಾರೆ. ಅದು ತೀರಾ ಇಳಿದರೆ ಬೆಚ್ಚನೆಯ ಗಾಳಿಯಿರುವ ಎತ್ತರಕ್ಕೆ ಹೋಗುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಅಲ್ಲಿ ದಿಕ್ಸೂಚಿಯ ಮುಳ್ಳನ್ನೂ ನಂಬುವ ಹಾಗಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ನೇರವಾಗಿ ಹಾರುವುದು ಯಾರಿಗಾಗಿ? ನನಗೆ ಮೊದಲು ನೆನಪಾಗುವವರು ಸಿಲಿಕಾನ್ ವ್ಯಾಲಿಯ ಎಂಜಿನಿಯರುಗಳಲ್ಲ, ಅವರ ಅಪ್ಪ-ಅಮ್ಮ. ಮಗಳ ಬಾಣಂತನಕ್ಕೆಂದು ಹೊರಟ ತಾಯಿಗೆ ಹದಿನಾರು ಗಂಟೆ ಕೂತಿರುವುದು ಅಷ್ಟೇನೂ ಕಷ್ಟವಲ್ಲ. ನಡುವೆ ಗೊತ್ತಿಲ್ಲದ ದೇಶದಲ್ಲಿ ಇಳಿದು, ಟರ್ಮಿನಲ್ ಬದಲಿಸಿ, ಗೇಟ್ ಹುಡುಕುವುದೇ ದೊಡ್ಡ ದಿಗಿಲು. ನಡೆದಾಡಲು ಏನೂ ತೊಂದರೆಯಿಲ್ಲದ ಎಷ್ಟೋ ಅಮ್ಮಂದಿರಿಗೆ ಮಕ್ಕಳು ವ್ಹೀಲ್‌ಚೇರ್ ಬುಕ್ ಮಾಡುವುದು ಇದಕ್ಕೇ; ಕುರ್ಚಿ ತಳ್ಳುವವರು ಗೇಟಿನವರೆಗೂ ಕೈಬಿಡುವುದಿಲ್ಲ. ಪರ್ಸಿನಲ್ಲಿ ಮಡಚಿಟ್ಟ ಹಾಳೆಯಲ್ಲಿ ವಿಮಾನದ ನಂಬರು, ಮಗಳ ಫೋನ್, ಅದರ ಕೆಳಗೆ ಇಂಗ್ಲಿಷಿನಲ್ಲಿ 'ದಯವಿಟ್ಟು ಇವರಿಗೆ ಗೇಟ್ ತೋರಿಸಿ' ಎಂಬ ಸಾಲು.

ವಿಮಾನ ಬದಲಿಸದೆ ಗತಿಯಿಲ್ಲದಿದ್ದರೆ, ಟಿಕೆಟ್ ಮಾಡಿಸುವ ಮಕ್ಕಳು ಆ ಬದಲಾವಣೆಯನ್ನು ಅಮೆರಿಕಕ್ಕೆ ಕಾಲಿಡುವ ಮೊದಲೇ ಮುಗಿಯುವಂತೆ ನೋಡಿಕೊಳ್ಳಲಿ. ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಬೇಕು. ಮುಂದೆ ಇನ್ನೊಂದು ವಿಮಾನವಿದ್ದರೂ ಸಾಮಾನ್ಯವಾಗಿ ಅಲ್ಲೇ ಸೂಟ್‌ಕೇಸ್ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕು. ಟಿಕೆಟ್ ನಾಲ್ಕು ಸಾವಿರ ರೂಪಾಯಿ ಅಗ್ಗವಾಗುತ್ತದೆಂದು ಅರುವತ್ತೈದು ದಾಟಿದ ತಾಯಿಯಿಂದ ಆ ಕೆಲಸ ಮಾಡಿಸಬಾರದು.