ಕಾರಿನ ಭಾರ ಎಲ್ಲಿದೆ? ಸ್ಪೋರ್ಟ್ಸ್ ಕಾರಿಗೆ ಟ್ರೇಲರ್ ಮತ್ತು ಲಿಫ್ಟ್ ಆರಿಸುವ ಬಗೆ

ಸ್ಪೋರ್ಟ್ಸ್ ಕಾರನ್ನು ರೇಸ್ ಟ್ರ್ಯಾಕ್‌ವರೆಗೆ ಓಡಿಸಿಕೊಂಡೇ ಹೋಗಬಹುದು. ಅಲ್ಲಿ ಟೈರ್ ಸವೆದರೆ, ಎಂಜಿನ್ ಕೈಕೊಟ್ಟರೆ ಮನೆಗೆ ಮರಳುವುದು ಹೇಗೆ? ಅಮೆರಿಕದಲ್ಲಿ ವಾರಾಂತ್ಯಕ್ಕೆ ಟ್ರ್ಯಾಕ್‌ಗೆ ಹೋಗುವ ಹವ್ಯಾಸಿಗಳು ಟ್ರೇಲರ್ ಕೊಳ್ಳುವುದು ಇದಕ್ಕಾಗಿಯೇ. ಮನೆಯ ಗ್ಯಾರೇಜಿನಲ್ಲೇ ರಿಪೇರಿ ಮಾಡಿಕೊಳ್ಳುವವರು ಕಾರೆತ್ತುವ ಲಿಫ್ಟನ್ನೂ ಹಾಕಿಸುತ್ತಾರೆ. ಎರಡೂ ದುಬಾರಿ, ಎರಡರಲ್ಲೂ ಲೆಕ್ಕ ತಪ್ಪಿದರೆ ಜೀವಕ್ಕೇ ಕುತ್ತು. ಕೊಳ್ಳುವ ಮುನ್ನ ಕಾರಿನ ಒಟ್ಟು ತೂಕದ ಜೊತೆಗೆ ಆ ತೂಕ ಎಲ್ಲಿ ಕೂತಿದೆ ಎಂಬುದೂ ಗೊತ್ತಿರಬೇಕು.

ಎಂಜಿನ್ ಹಿಂದಿದ್ದಾಗ

ಪೋರ್ಷೆ 911 ಕಾರನ್ನೇ ತೆಗೆದುಕೊಳ್ಳೋಣ. 1963ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ಎಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದಿದೆ. 1980ರ ದಶಕದ 911 ಸುಮಾರು 1,200 ಕಿಲೋ ತೂಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಶೇ. 60 ಭಾಗ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಮಾಜ್ದಾ ಎಂಎಕ್ಸ್-5ನಂಥ ಕಾರಿನಲ್ಲಾದರೆ ಭಾರ ಮುಂದಕ್ಕೂ ಹಿಂದಕ್ಕೂ ಸರಿಸುಮಾರು ಸಮಪಾಲು.

ನಿಮ್ಮ ಕಾರಿನ ಲೆಕ್ಕ ಪತ್ತೆಹಚ್ಚುವುದು ಸುಲಭ. ವೇಬ್ರಿಜ್ ಮೇಲೆ ಮೊದಲು ಮುಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿ ತೂಗಿಸಿ, ಆಮೇಲೆ ಹಿಂದಿನವನ್ನು. ಈ ಎರಡು ಅಂಕಿ ಕೈಯಲ್ಲಿದ್ದರೆ ಅರ್ಧ ಆಯ್ಕೆ ಮುಗಿದಂತೆ.

ಟ್ರೇಲರ್: ಹಿಚ್ ಮೇಲಿನ ಭಾರ

ಅಮೆರಿಕದಲ್ಲಿ ರೂಢಿಯಲ್ಲಿರುವ ನಿಯಮ ಇದು: ಟ್ರೇಲರ್ ಮತ್ತು ಕಾರು ಸೇರಿದ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಎಳೆಯುವ ವಾಹನದ ಹಿಚ್, ಅಂದರೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಅತ್ತಿತ್ತ ಬಾಲ ಬೀಸಲು ಶುರುಮಾಡುತ್ತದೆ. ಒಮ್ಮೆ ಶುರುವಾದರೆ ಎಳೆಯುವ ವಾಹನವನ್ನೂ ರಸ್ತೆಯಿಂದಾಚೆ ಒಯ್ಯಬಲ್ಲದು.

ಟ್ರೇಲರ್ 800 ಕಿಲೋ, ಕಾರು 1,200 ಕಿಲೋ, ಒಟ್ಟು 2,000 ಎಂದಿಟ್ಟುಕೊಳ್ಳಿ. ಹಿಚ್ ಮೇಲೆ 200ರಿಂದ 300 ಕಿಲೋ ಬೀಳಬೇಕು. 1980ರ ದಶಕದ 911ರ ಎರಡು ಆಕ್ಸಲ್‌ಗಳ ನಡುವಿನ ಅಂತರ ಸುಮಾರು 2.27 ಮೀಟರ್. ಅಷ್ಟೇ ಅಂತರದ, ಸಮತೂಕದ ಕಾರಿಗೆ ಹೋಲಿಸಿದರೆ ಇದರ ಭಾರಕೇಂದ್ರ 23 ಸೆಂಟಿಮೀಟರ್ ಹಿಂದಿರುತ್ತದೆ. ಹಿಚ್‌ನಿಂದ ಟ್ರೇಲರ್‌ನ ಚಕ್ರಗಳಿಗೆ 3.5 ಮೀಟರ್ ದೂರವಿದ್ದರೆ, ಈ ಒಂದು ಗೇಣಿನ ವ್ಯತ್ಯಾಸಕ್ಕೇ ಹಿಚ್ ಮೇಲಿನ ಭಾರ ಸುಮಾರು 80 ಕಿಲೋ ಇಳಿಯುತ್ತದೆ. ಸಮತೂಕದ ಕಾರಿಗೆ 220 ಕಿಲೋ ಬೀಳುತ್ತಿದ್ದ ಜಾಗದಲ್ಲಿ 140 ಮಾತ್ರ, ಅಂದರೆ ಶೇ. 7. ಹೀಗಾಗಿ 911 ಒಯ್ಯುವವರಿಗೆ ಕಾರನ್ನು ಇನ್ನಷ್ಟು ಮುಂದೆ ನಿಲ್ಲಿಸಲು ಜಾಗವಿರುವ ಉದ್ದನೆಯ ಟ್ರೇಲರ್ ಬೇಕು. ಸರಿಯಾದ ಜಾಗ ಸಿಕ್ಕ ಮೇಲೆ ಅಲ್ಲೊಂದು ಚಕ್ರತಡೆ ಬಿಗಿದುಬಿಟ್ಟರೆ ಪ್ರತಿ ಸಲ ಹುಡುಕುವ ಕೆಲಸವಿಲ್ಲ.

ಕಬ್ಬಿಣದ ತೆರೆದ ಟ್ರೇಲರ್‌ಗೆ ಬೆಲೆ ಕಡಿಮೆ, ಅಲ್ಯುಮಿನಿಯಂನದು ಹಗುರ. ನಾಲ್ಕೂ ಕಡೆ ಮುಚ್ಚಿದ್ದು ಮಳೆ, ಕಲ್ಲು, ಕಳ್ಳರಿಂದ ಕಾಪಾಡುತ್ತದೆ, ಆದರೆ ಖಾಲಿಯಿದ್ದಾಗಲೇ ಒಂದೂವರೆ ಟನ್ ಮುಟ್ಟಬಹುದು. ಜೊತೆಗೆ ಗಾಳಿಯ ತಡೆಯೂ ಹೆಚ್ಚು. ಅದಕ್ಕೆ ದೊಡ್ಡ ಪಿಕಪ್ ಟ್ರಕ್ಕೇ ಬೇಕು. ಯಾವುದೇ ಆದರೂ ಎರಡು ಆಕ್ಸಲ್, ಟ್ರೇಲರ್‌ಗೇ ಸ್ವಂತ ಬ್ರೇಕ್, ಹಿಚ್ ಕಳಚಿದರೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ ಇರಲೇಬೇಕು.

ಹತ್ತಿಸುವುದು, ಕಟ್ಟುವುದು

ತಗ್ಗಿನ ಕಾರಿನ ಮೂತಿ ಕಡಿದಾದ ರ‍್ಯಾಂಪ್‌ಗೆ ಉಜ್ಜುತ್ತದೆ. ಉದ್ದನೆಯ ರ‍್ಯಾಂಪ್ ಅಥವಾ ಹಾಸೇ ಓರೆಯಾಗಿ ಬಾಗುವ ಟ್ರೇಲರ್ ಇದಕ್ಕೆ ಪರಿಹಾರ. ಕಾರು ಹತ್ತಿದ ಮೇಲೆ ಚಾಲಕ ಇಳಿಯುವುದು ಹೇಗೆ ಎಂಬ ಪ್ರಶ್ನೆ ಹಲವರಿಗೆ ಹೊಳೆಯುವುದೇ ಇಲ್ಲ. ಕಾರಿನ ಬಾಗಿಲು ಟ್ರೇಲರ್‌ನ ಮಡ್‌ಗಾರ್ಡ್‌ಗೆ ತಾಗಿ ನಾಲ್ಕು ಬೆರಳಗಲ ಮಾತ್ರ ತೆರೆದುಕೊಂಡರೆ ಕಿಟಕಿಯಿಂದ ನುಸುಳಬೇಕಾಗುತ್ತದೆ. ಬಿಚ್ಚಿಡಬಹುದಾದ ಮಡ್‌ಗಾರ್ಡ್ ಇದೆಯೇ ಎಂದು ಕೊಳ್ಳುವಾಗಲೇ ನೋಡಿ. ಕಟ್ಟಲು ಟೈರನ್ನೇ ಬಳಸಿ ಬಿಗಿಯುವ ಪಟ್ಟಿಗಳು ಒಳ್ಳೆಯವು: ಚಕ್ರ ಅಲುಗದೆ ನಿಲ್ಲುತ್ತದೆ, ಸಸ್ಪೆನ್ಷನ್ ತನ್ನ ಪಾಡಿಗೆ ಕುಲುಕಾಡುತ್ತದೆ, ಕಾರಿನ ಮೈಗೆ ಪೆಟ್ಟಿಲ್ಲ.

ಲಿಫ್ಟ್: ಯಾವ ಕೆಲಸಕ್ಕೆ?

ನಾಲ್ಕು ಕಂಬದ ಲಿಫ್ಟ್‌ನಲ್ಲಿ ಕಾರು ಚಕ್ರಗಳ ಮೇಲೇ ನಿಂತಿರುತ್ತದೆ. ಒಂದು ಕಾರನ್ನು ಮೇಲಿಟ್ಟು ಕೆಳಗೆ ಇನ್ನೊಂದನ್ನು ನಿಲ್ಲಿಸಲು ಇದು ಹೇಳಿ ಮಾಡಿಸಿದ್ದು. ಆದರೆ ಎತ್ತರ ಅಳೆಯಿರಿ. 911ರ ಎತ್ತರ ಸುಮಾರು 1.32 ಮೀಟರ್. ಎರಡು ಕಾರು, ನಡುವಿನ ಹಾಸಿನ ದಪ್ಪ, ಕೈಯಾಡಲು ಜಾಗ ಎಲ್ಲ ಸೇರಿ ಒಂಬತ್ತೂವರೆ ಅಡಿ ಬೇಕು. ಮೇಲಕ್ಕೆ ಸರಿಯುವ ಗ್ಯಾರೇಜ್ ಬಾಗಿಲಿನ ಹಳಿಗಳೂ ಅದೇ ಜಾಗ ಕಬಳಿಸುತ್ತವೆ.

ಎರಡು ಕಂಬದ ಲಿಫ್ಟ್ ತೋಳುಗಳಿಂದ ಬಾಡಿಯನ್ನೇ ಎತ್ತುವುದರಿಂದ ಚಕ್ರಗಳು ಬಿಡುವಾಗಿ ತೂಗುತ್ತವೆ. ಬ್ರೇಕ್, ಸಸ್ಪೆನ್ಷನ್ ಕೆಲಸಕ್ಕೆ ಇದೇ ಅನುಕೂಲ. ಕಂಬಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಬೇಕಾದ್ದರಿಂದ ತಯಾರಕರು ಸಾಮಾನ್ಯವಾಗಿ ಕನಿಷ್ಠ 4 ಅಂಗುಲ ದಪ್ಪದ ಗಟ್ಟಿ ಕಾಂಕ್ರೀಟ್ ಕೇಳುತ್ತಾರೆ. ಕಾರಿನ ಅಡಿಯಲ್ಲಿ ತಯಾರಕರು ಗುರುತಿಸಿದ ಜಾಗಕ್ಕಷ್ಟೇ ತೋಳು ಕೊಡಬೇಕು.

ಭಾರದ ಪ್ರಶ್ನೆ ಇಲ್ಲೂ ಎದುರಾಗುತ್ತದೆ. ಏರ್‌ಕೂಲ್ಡ್ 911ರ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಒಟ್ಟಿಗೆ ಕೆಳಗಿನಿಂದ ಇಳಿಸುತ್ತಾರೆ. ಎರಡು ಕ್ವಿಂಟಲ್‌ಗೂ ಮೀರಿದ ಭಾರ ಹಿಂದಿನಿಂದ ಕಳಚಿತೆಂದರೆ ಭಾರಕೇಂದ್ರ ಸುಮಾರು ಅಡಿಯಷ್ಟು ಮುಂದಕ್ಕೆ ಜಿಗಿಯುತ್ತದೆ. ತೋಳುಗಳ ಮೇಲೆ ಸರಿಯಾಗಿ ಕೂತಿದ್ದ ಕಾರು ಮುಗ್ಗರಿಸಬಹುದು. ಆದ್ದರಿಂದ ಎಂಜಿನ್ ಬಿಚ್ಚುವ ಮೊದಲೇ ಮೂತಿಯ ಕಡೆ ಗಟ್ಟಿ ಆಸರೆ ಕೊಡಬೇಕು.

ಎಲ್ಲಿ ಉಳಿಸಬೇಕು, ಎಲ್ಲಿ ಕೂಡದು

ಅಮೆರಿಕದಲ್ಲಿ ಲಿಫ್ಟ್‌ಗಳ ಸುರಕ್ಷತೆಗೆ 1945ರಿಂದ ಆಟೊಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟ್ ಇದೆ. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾದರಿಗೆ ಚಿನ್ನದ ಬಣ್ಣದ ಪಟ್ಟಿ ಅಂಟಿಸಿರುತ್ತಾರೆ. ಅದಿಲ್ಲದ ಲಿಫ್ಟ್ ಎಷ್ಟೇ ಅಗ್ಗವಾದರೂ ಬೇಡ. ಕಾರನ್ನು ಎತ್ತಿದ ಮೇಲೆ ಉಕ್ಕಿನ ಲಾಕ್‌ಗಳ ಮೇಲೆ ಕೂರಿಸಿದ ನಂತರವೇ ಕೆಳಗೆ ನುಗ್ಗಿ. ಹೈಡ್ರಾಲಿಕ್ ಎಣ್ಣೆಯ ಒತ್ತಡವೊಂದನ್ನೇ ನಂಬಬಾರದು. ದುಡ್ಡು ಸಾಲದಿದ್ದರೆ ಮುಚ್ಚಿದ ಟ್ರೇಲರ್ ಬದಲು ತೆರೆದದ್ದು ತನ್ನಿ, ಹೊಸದರ ಬದಲು ಹಳೆಯದನ್ನು ಚೆನ್ನಾಗಿ ಪರೀಕ್ಷಿಸಿ ಕೊಳ್ಳಿ. ಬ್ರೇಕ್, ಟೈರ್, ಪಟ್ಟಿ, ಲಾಕ್ ಈ ನಾಲ್ಕರಲ್ಲಿ ಮಾತ್ರ ಒಂದು ಕಾಸನ್ನೂ ಉಳಿಸಬೇಡಿ.