ಬಳೆ ಸರಿದಿತ್ತು

ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳು ಒಮ್ಮೆಲೇ ಸುಮ್ಮನಾಗುತ್ತವೆ. ಉಗಾರ ಇರಲಿ, ಚಿಕ್ಕೋಡಿ, ನಿಪ್ಪಾಣಿ, ಅಥಣಿ ಇರಲಿ, ಗೇಟಿನ ಮುಂದಿನ ಟ್ರ್ಯಾಕ್ಟರುಗಳ ಸಾಲು ಕರಗಿ ಕಾಕಂಬಿಯ ವಾಸನೆಯಷ್ಟೇ ಉಳಿಯುತ್ತದೆ. ಬಾಯ್ಲರಿನ ಒಳಗೆ ಇಳಿದು ನೋಡುವ ಕಾಲ ಅದು. ನಮ್ಮ ಓಣಿಯ ಕಾಕಾ ಒಬ್ಬರು ಆ ಕೆಲಸದಲ್ಲೇ ತಲೆ ನೆರೆಸಿದವರು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಧ್ಯಾಹ್ನ ನನ್ನನ್ನೂ ಕರೆದೊಯ್ದು, ಸಣ್ಣ ಸುತ್ತಿಗೆಯಿಂದ ಒಂದೊಂದೇ ಟ್ಯೂಬಿಗೆ ಬಡಿದು ತೋರಿಸಿದ್ದರು. "ಕಿವಿಗೊಟ್ಟು ಕೇಳು ತಮ್ಮಾ. ಗಟ್ಟಿ ಇದ್ದದ್ದು ಗಂಟಿಗತೆ ಬಾರಸ್ತದ. ಒಳಗ ತಿಂದದ್ದು ಡಬ್ ಅಂತದ." ಡಬ್ ಅಂದದ್ದರ ಮೇಲೆ ಸೀಮೆಸುಣ್ಣದ ಒಂದು ಗೆರೆ. ಸಂಜೆಯ ಹೊತ್ತಿಗೆ ಮಸಿ ಹಿಡಿದ ಕೊಳವೆಗಳ ನಡುವೆ ನಾಲ್ಕೈದು ಬಿಳಿ ಗೆರೆಗಳು ಮೂಡಿದ್ದವು.

ಅಣು ವಿದ್ಯುತ್ ಸ್ಥಾವರವೂ ಕೊನೆಗೆ ನೀರು ಕಾಯಿಸಿ ಉಗಿ ಎಬ್ಬಿಸುವ ಯಂತ್ರವೇ. ಅದರೊಳಗೂ ಕೊಳವೆಗಳಿವೆ, ಅವೂ ಮುಪ್ಪಾಗುತ್ತವೆ. ಸುತ್ತಿಗೆ ಹಿಡಿದು ಒಳಗಿಳಿಯಲು ಮಾತ್ರ ಬರುವುದಿಲ್ಲ. ಚಿಕ್ಕೋಡಿಯಿಂದ ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಕಾಳಿ ನದಿಯ ದಂಡೆಯ ಕೈಗಾ ಸುಮಾರು 175 ಕಿಲೋಮೀಟರ್. ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲ ಎರಡು 2000ದಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿದವು. ಸಹ್ಯಾದ್ರಿಯ ಆಚೆ, ರತ್ನಾಗಿರಿ ಜಿಲ್ಲೆಯ ಜೈತಾಪುರದಲ್ಲಿ ಇನ್ನೂ ದೊಡ್ಡ ಸ್ಥಾವರದ ಯೋಜನೆ ಇದೆ. ನಿಪ್ಪಾಣಿಗೆ ಅದು ಕೈಗಾಕ್ಕಿಂತ ಹತ್ತಿರ. ಹಾಗಾಗಿ "ಹಳೇದಾದ ಮ್ಯಾಲ ಅದರ ಗತಿ ಏನ್ರೀ?" ಎಂದು ಯಾರಾದರೂ ಕೇಳಿದರೆ ಅದು ದೂರದವರ ಕುತೂಹಲವಲ್ಲ, ನೆರೆಮನೆಯವರ ಪ್ರಶ್ನೆ. ಆ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಸಿಕ್ಕಿದ್ದು ಕೆನಡಾದಲ್ಲಿ, ಒಂದು ಕೊಳವೆ ಸೀಳಿದ ಮೇಲೆ.

ಟೊರಾಂಟೊ ಪಕ್ಕದ ಪಿಕರಿಂಗ್ ಸ್ಥಾವರದ್ದೂ ಕೈಗಾದ್ದೂ ಒಂದೇ ಕುಲ. ಎರಡೂ ಕಡೆ ಭಾರಜಲದ ದೊಡ್ಡ ತೊಟ್ಟಿ, ಅದನ್ನು ಅಡ್ಡಲಾಗಿ ಹಾಯ್ದ ನೂರಾರು ಕೊಳವೆಗಳು. ಕೈಗಾದ ಒಂದು ಘಟಕದಲ್ಲಿ ಇಂಥವು 306, ಪಿಕರಿಂಗ್‌ನಲ್ಲಿ 390. ಪ್ರತಿ ಕೊಳವೆಯೂ ಜೋಡಿ. ಒಳಗಿನದು ಜಿರ್ಕೋನಿಯಂ ಮಿಶ್ರಲೋಹದ ಒತ್ತಡದ ಕೊಳವೆ; ಯುರೇನಿಯಂ ಇಂಧನ ಅದರಲ್ಲೇ ಕೂತಿರುತ್ತದೆ, ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಭಾರಜಲ ಹರಿಯುತ್ತಿರುತ್ತದೆ. ಅದರ ಗೋಡೆಯ ದಪ್ಪ ಬರೀ ಕೆಲವು ಮಿಲಿಮೀಟರ್. ಹೊರಗಿನ ಕೊಳವೆ ತೊಟ್ಟಿಯ ತಂಪು ಭಾರಜಲದಲ್ಲಿ ಮುಳುಗಿರುತ್ತದೆ. ಬಿಸಿಯದು ತಂಪಿನದನ್ನು ಮುಟ್ಟಬಾರದೆಂದು ನಡುವೆ ಒಂದು ಬೆರಳು ತೂರುವಷ್ಟೂ ಇಲ್ಲದ ಸಂದು, ಸಂದಿನಲ್ಲಿ ಅನಿಲ. ಒಳಕೊಳವೆ ಜೋತುಬೀಳದ ಹಾಗೆ ಅದರ ಮೈಗೆ ಬಳೆಯಂತೆ ತೊಡಿಸಿದ ಸುರುಳಿ ಸ್ಪ್ರಿಂಗ್‌ಗಳು. ಗಾರ್ಟರ್ ಸ್ಪ್ರಿಂಗ್ ಎನ್ನುತ್ತಾರೆ. ನಮ್ಮ ಕತೆ ಈ ಬಳೆಯದು.

1974ರಲ್ಲಿ ಪಿಕರಿಂಗ್‌ನ ಮೂರನೇ ಘಟಕದಲ್ಲಿ ಕೆಲವು ಕೊಳವೆಗಳು ತುದಿಯ ಬೆಸುಗೆಯಿಲ್ಲದ ಜೋಡಣೆಯ ಹತ್ತಿರ ಬಿರುಕು ಬಿಟ್ಟು ಸೋರಿದ್ದವು. ತುದಿಯನ್ನು ಅರಳಿಸಿ ಕೂಡಿಸುವಾಗ ಲೋಹಕ್ಕೆ ಮಿತಿಮೀರಿದ ಬಿಗಿತ ಬಿದ್ದಿತ್ತೆಂದು ಗೊತ್ತಾಯಿತು, ಬದಲಾಯಿಸಿದರು. ಆ ಅನುಭವದಿಂದ ಒಂದು ನಂಬಿಕೆ ಬೇರೂರಿತು: ಕೊಳವೆ ಒಡೆಯುವ ಮೊದಲು ಸೋರುತ್ತದೆ, ಸೋರಿಕೆ ಕಂಡ ಕೂಡಲೇ ನಿಲ್ಲಿಸಿದರೆ ಸಾಕು. ಅಂದು ಬಿರುಕು ಬಿಟ್ಟಿದ್ದು ನಿಯೋಬಿಯಂ ಬೆರೆತ ಹೊಸ ಮಿಶ್ರಲೋಹ. ಒಂದು, ಎರಡನೇ ಘಟಕಗಳಲ್ಲಿ ಇದ್ದದ್ದು ಜಿರ್ಕಲಾಯ್–2 ಎಂಬ ಹಳೆಯ, ಪಳಗಿದ ಲೋಹ. ಅದರ ಬಗ್ಗೆ ಯಾರೂ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

1983ರ ಆಗಸ್ಟ್ 1ರಂದು ಎರಡನೇ ಘಟಕ ಓಡುತ್ತಿದ್ದಾಗಲೇ ಜಿ–16 ಎಂಬ ಗುರುತಿನ ಕೊಳವೆ ಸೀಳಿತು. ಮುನ್ಸೂಚನೆಯಾಗಿ ಸೋರಿಕೆಯೇ ಇಲ್ಲ. ಒಮ್ಮೆಲೇ ಸುಮಾರು ಎರಡು ಮೀಟರ್ ಉದ್ದದ ಸೀಳು. ಪಾಳಿಯಲ್ಲಿದ್ದವರು ಸಮಾಧಾನ ಕಳೆದುಕೊಳ್ಳದೆ ರಿಯಾಕ್ಟರ್ ನಿಲ್ಲಿಸಿ, ಸುರಿದ ಭಾರಜಲವನ್ನು ತುಂಬಿಕೊಡುತ್ತ ಅನಾಹುತ ತಪ್ಪಿಸಿದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ನಂಬಿಕೆ ಮಾತ್ರ ಕೊಳವೆಯ ಜೊತೆಗೇ ಸೀಳಿತ್ತು. ಸ್ಥಾವರಕ್ಕೆ ಆಗ ಹನ್ನೆರಡೇ ವರ್ಷ.

ಸೀಳಿದ ಕೊಳವೆಯನ್ನು ಹೊರತೆಗೆದು ಚಾಕ್ ರಿವರ್ ಪ್ರಯೋಗಾಲಯಕ್ಕೆ ಒಯ್ದರು. ಕೈಯಿಂದ ಮುಟ್ಟುವಂತಿಲ್ಲ, ದಪ್ಪ ಗಾಜಿನ ಆಚೆ ಯಂತ್ರದ ಕೈಗಳಿಂದಲೇ ಕೊಯ್ಯಬೇಕು, ತಿಕ್ಕಬೇಕು, ನೋಡಬೇಕು. ಕೊಳವೆಯ ತಳಭಾಗದ ಹೊರಮೈಯಲ್ಲಿ ಸಾಲಾಗಿ ಬೊಬ್ಬೆಗಳು ಎದ್ದಿದ್ದವು. ಒಂದೊಂದು ಬೊಬ್ಬೆಯೂ ಬಿರುಕು ಬಿಟ್ಟು, ಆ ಬಿರುಕುಗಳು ಒಂದಕ್ಕೊಂದು ಕೂಡಿ ಸೀಳಾಗಿತ್ತು. ಬೊಬ್ಬೆ ಅಲ್ಲಿಯೇ ಯಾಕೆ? ಉತ್ತರ ಬಳೆಯಲ್ಲಿತ್ತು. ಅದು ತನ್ನ ಜಾಗದಲ್ಲಿ ಇರಲಿಲ್ಲ. ಆಸರೆ ತಪ್ಪಿದ ಒಳಕೊಳವೆ ಬಿಸಿಗೆ, ಭಾರಕ್ಕೆ, ನ್ಯೂಟ್ರಾನುಗಳ ಹೊಡೆತಕ್ಕೆ ವರ್ಷದಿಂದ ವರ್ಷಕ್ಕೆ ಜೋತು ಜೋತು, ಕೊನೆಗೆ ತಂಪು ಹೊರಕೊಳವೆಗೆ ಮೈ ತಾಗಿಸಿತ್ತು.

ಬಿಸಿ ಭಾರಜಲದಲ್ಲಿ ಜಿರ್ಕೋನಿಯಂ ನಿಧಾನವಾಗಿ ತುಕ್ಕು ಹಿಡಿಯುತ್ತ ನೀರಿನೊಳಗಿನ ಡ್ಯುಟೀರಿಯಂ, ಅಂದರೆ ಭಾರವಾದ ಹೈಡ್ರೋಜನ್, ಒಂದಿಷ್ಟನ್ನು ತನ್ನೊಳಗೆ ಹೀರುತ್ತದೆ. ಹಳೆಯ ಜಿರ್ಕಲಾಯ್ ಎಣಿಸಿದ್ದಕ್ಕಿಂತ ಹೆಚ್ಚೇ ಹೀರಿತ್ತು. ಕುದಿಯುವ ಪಾತ್ರೆಯ ಹಬೆ ತಣ್ಣನೆಯ ಮುಚ್ಚಳಕ್ಕೆ ಹೋಗಿ ಕೂಡುವ ಹಾಗೆ, ಲೋಹದೊಳಗಿನ ಹೈಡ್ರೋಜನ್ ತಂಪಾದ ಜಾಗವನ್ನು ಹುಡುಕಿಕೊಂಡು ಸರಿಯುತ್ತದೆ. ತಾಗಿದ ಜಾಗವೇ ಆ ತಂಪು. ಅಲ್ಲಿ ಅದು ಜಿರ್ಕೋನಿಯಂ ಜೊತೆ ಕೂಡಿ ಹೈಡ್ರೈಡ್ ಆಗಿ ಉಬ್ಬುತ್ತದೆ. ಒಲೆಯಿಂದ ಇಳಿಸಿದ ಮೆತ್ತನೆಯ ಜೋಳದ ರೊಟ್ಟಿ ಮಡಚುತ್ತದೆ, ಖಡಕ್ ರೊಟ್ಟಿ ಮುರಿಯುತ್ತದೆ. ಬೊಬ್ಬೆಯೆದ್ದ ಜಾಗದಲ್ಲಿ ಲೋಹ ಖಡಕ್ ರೊಟ್ಟಿಯಾಗಿತ್ತು.

ಇದು ಕಂಡ ಮೇಲೆ ಪಿಕರಿಂಗ್‌ನ ಮೊದಲ ಎರಡು ಘಟಕಗಳ ಕೊಳವೆಗಳನ್ನೆಲ್ಲ ಬದಲಾಯಿಸಿದರು. ಅದೇ ಲೋಹ, ಅಂಥವೇ ಬಳೆಗಳು ನಮ್ಮ ರಾಜಸ್ಥಾನ, ಕಲ್ಪಾಕ್ಕಂ, ನರೋರಾ ಸ್ಥಾವರಗಳಲ್ಲೂ ಇದ್ದವು. ನಮ್ಮ ಎಂಜಿನಿಯರುಗಳ ಕೆಲಸವನ್ನು ಇಲ್ಲಿ ಮನಸಾರೆ ನೆನೆಯಬೇಕು. ಭಾಭಾ ಅಣು ಸಂಶೋಧನಾ ಕೇಂದ್ರದವರು ಕೊಳವೆಯ ಒಳಗೆ ಹೋಗಿ ಬಳೆ ಎಲ್ಲಿದೆ, ಸಂದು ಎಷ್ಟಿದೆ ಎಂದು ಅಳೆಯುವ ಬಾರ್ಕಿಸ್ ಎಂಬ ಉಪಕರಣವನ್ನೂ, ಸರಿದ ಬಳೆಯನ್ನು ಮತ್ತೆ ಜಾಗಕ್ಕೆ ತರುವ ಸಾಧನವನ್ನೂ, ಕೊಳವೆಯ ಒಳಮೈಯಿಂದ ಚೂರು ಕೆರೆದು ತಂದು ಹೈಡ್ರೋಜನ್ ಎಷ್ಟೆಂದು ನೋಡುವ ಸಾಧನವನ್ನೂ ತಾವೇ ಕಟ್ಟಿದರು. ರಾಜಸ್ಥಾನದ ಎರಡನೇ ಘಟಕಕ್ಕೆ 1998ರ ಹೊತ್ತಿಗೆ ಹೊಸ ಕೊಳವೆಗಳು ಬಂದವು. ಕೈಗಾ ಕಟ್ಟುವಾಗ ಮೊದಲೇ ನಿಯೋಬಿಯಂ ಮಿಶ್ರಲೋಹ, ಕೊಳವೆಗೆ ಬಿಗಿಯಾಗಿ ಕೂರುವ ನಾಲ್ಕು ಬಳೆ.

ಅಲ್ಲಿಗೆ ಎಲ್ಲ ತಿಳಿದಂತಾಯಿತೆ? 2016ರ ಮಾರ್ಚ್ 11ರಂದು, ಫುಕುಶಿಮಾ ದುರಂತಕ್ಕೆ ಸರಿಯಾಗಿ ಐದು ವರ್ಷ ತುಂಬಿದ ದಿನ, ಗುಜರಾತಿನ ಕಾಕ್ರಾಪಾರದ ಮೊದಲ ಘಟಕದಲ್ಲಿ ಒಂದು ಕೊಳವೆ ಸೋರಿತು. ಈ ಘಟಕದ ಕೊಳವೆಗಳನ್ನು ಬದಲಾಯಿಸಿ ಬಹಳ ಕಾಲವಾಗಿರಲಿಲ್ಲ. ಹೊರತೆಗೆದು ನೋಡಿದರೆ ಕೊರೆತ ಕಂಡಿದ್ದು ಹೊರಮೈಯಲ್ಲಿ, ಒಣ ಇಂಗಾಲದ ಡೈಆಕ್ಸೈಡ್ ಮಾತ್ರ ಇರಬೇಕಾದ ಸಂದಿನ ಕಡೆ. ನೀರು ತಾಗುವ ಒಳಮೈಯನ್ನೇ ಎಲ್ಲರೂ ಕಾಯುತ್ತಿದ್ದಾಗ ಹೊರಮೈ ತಿಂದುಹೋಗಿತ್ತು. ಎರಡೂ ಘಟಕಗಳ ಕೊಳವೆಗಳನ್ನು ಬದಲಾಯಿಸಬೇಕಾಯಿತು.

ಜನರ ಅಂಜಿಕೆಯನ್ನು ಅಜ್ಞಾನ ಎನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿಯೇ. ಸಾಹಿತಿ ಶಿವರಾಮ ಕಾರಂತರು ಕೈಗಾವನ್ನು ವಿರೋಧಿಸಿದಾಗ ಅವರಿಗೂ ಅದೇ ಮಾತು ಕೇಳಿಬಂದಿತ್ತು. 1994ರ ಮೇ 13ರಂದು ಕೈಗಾದಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರವೇ ಕಳಚಿ ಬಿತ್ತು. ಆಗಿನ್ನೂ ಇಂಧನ ತುಂಬಿರಲಿಲ್ಲ ಎಂಬುದು ನಮ್ಮ ಪುಣ್ಯ. ಕೊಳವೆಗಳ ಮಾತಿಗೆ ಮರಳಿದರೆ, ಕೈಗಾದ ಓರಗೆಯ ರಾಜಸ್ಥಾನದ ಮೂರನೇ ಘಟಕ ಕೊಳವೆಗಳನ್ನೆಲ್ಲ ಬದಲಾಯಿಸಿಕೊಂಡು 2024ರಲ್ಲಿ ಮತ್ತೆ ಓಡತೊಡಗಿತು. ಕೈಗಾದ ಕೊಳವೆಗಳು ಎಷ್ಟು ಜೋತಿವೆ, ಎಷ್ಟು ಹೈಡ್ರೋಜನ್ ಹೀರಿವೆ ಎಂಬ ಲೆಕ್ಕ ಪ್ರತಿ ತಪಾಸಣೆಯ ನಂತರ ಕನ್ನಡದಲ್ಲಿ, ಕಾರವಾರದ ಮೀನುಗಾರನಿಗೂ ಚಿಕ್ಕೋಡಿಯ ರೈತನಿಗೂ ಓದಲು ಸಿಗಬೇಕು. ಕಾಕಾನ ಸೀಮೆಸುಣ್ಣದ ಗೆರೆಯನ್ನು ಯಾರು ಬೇಕಾದರೂ ನೋಡಬಹುದಿತ್ತು.

ಗೆರೆ ಬಿದ್ದ ಆ ಟ್ಯೂಬುಗಳು ಗುಜರಿಗೆ ಹೋಗುತ್ತಿದ್ದವು. ಕೆಲವು ದನದ ಕೊಟ್ಟಿಗೆಗೆ ಕಂಬವಾಗಿ ಊರು ಸೇರುತ್ತಿದ್ದವು. ರಿಯಾಕ್ಟರಿನ ಕೊಳವೆ ಯಾರ ಕೊಟ್ಟಿಗೆಗೂ ಬರುವಂತಿಲ್ಲ. ನಾವು ಕೊಳ್ಳುವ ಅಣು ವಿದ್ಯುತ್ತಿನ ಪ್ರತಿ ಯೂನಿಟ್‌ಗೆ ಎರಡು ಪೈಸೆಯನ್ನು ಸ್ಥಾವರ ಕಳಚುವ ಖರ್ಚಿಗೆಂದು ತೆಗೆದಿಡುತ್ತಾರೆ. ಅಷ್ಟು ಸಾಕೇ ಎಂದು ಅನುಭವದಿಂದ ಹೇಳಬಲ್ಲವರು ನಮ್ಮಲ್ಲಿ ಇನ್ನೂ ಇಲ್ಲ, ಏಕೆಂದರೆ ದೊಡ್ಡ ವಿದ್ಯುತ್ ರಿಯಾಕ್ಟರ್ ಒಂದನ್ನು ನಾವು ಈವರೆಗೆ ಪೂರ್ತಿ ಕಳಚಿಲ್ಲ. ಬಳೆ ಸರಿದ ಪಿಕರಿಂಗ್‌ನ ಎರಡನೇ ಘಟಕ 1997ರಲ್ಲಿ ನಿಂತಿತು, ಮತ್ತೆ ಹೊತ್ತಲಿಲ್ಲ. ಇಂಧನ ತೆಗೆದಿದ್ದಾರೆ, ಭಾರಜಲ ಬಸಿದಿದ್ದಾರೆ. ಒಂಟಾರಿಯೊ ಸರೋವರದ ದಂಡೆಯಲ್ಲಿ ಕಟ್ಟಡ ಹಾಗೆಯೇ ನಿಂತಿದೆ.